ಕೆಸರಿನ ಪಾತ್ರ

ಆಟೋ ಕಾಂಪ್ಲೆಕ್ಸಿನ ಹಿಂದಿನ ಶಾಲೆ ನಮ್ಮದು.
ಪಾಠದ ನಡುವೆ ಕಿಟಕಿಯಲ್ಲಿ ವೆಲ್ಡಿಂಗಿನ ಕಿಡಿ,
ರಿಪೇರಿಗೆ ಬಂದ ಲಾರಿಯ ಹಾರ್ನು
ಸರಿಹೋಯಿತೇ ಎಂದು ಹತ್ತು ಸಲ ಕೂಗಿ ನೋಡುತ್ತದೆ.
ಆರನೇ ತರಗತಿ, ಮೂವತ್ತೊಂದು ಮಕ್ಕಳು.

ಹೋದ ವಾರ ಹಳೆಯ ಪದ್ಯ ಓದಿಸಿದೆ.
ಆರು ಸಾಲು. ಪ್ರತಿ ಪದಕ್ಕೂ ಅರ್ಥ, ಬೋರ್ಡಿನ ತುಂಬ ಗಣವಿಭಾಗ.
ತಿಪ್ಪೇಶ ಕೇಳಿದ್ದು ಒಂದೇ:
"ಮಿಸ್, ಇದು ಪರೀಕ್ಷೆಗೆ ಬರುತ್ತಾ?"
ಬರಲ್ಲ ಅಂದೆ.
ಮೂವತ್ತೊಂದು ಪೆನ್ನಿನ ಮುಚ್ಚಳ
ಟಕಟಕ ಬಿದ್ದವು.

ನನಗೆ ಅಮ್ಮ ಕತೆ ಹೇಳಿದ್ದು ಅಕ್ಕಿ ಆರಿಸುತ್ತ.
ಕಲ್ಲು ಸಿಕ್ಕರೆ ಕತೆ ನಿಲ್ಲುತ್ತಿತ್ತು.
ಯಾರಾದರೂ ಸಾಯುವ ಹೊತ್ತು ಹತ್ತಿರವಾದರೆ
ಮೊರದಲ್ಲಿ ಎಲ್ಲಿಲ್ಲದ ಕಲ್ಲು.

ಇವತ್ತು ಪುಸ್ತಕ ಮುಚ್ಚಿಟ್ಟೆ.
ಒಬ್ಬ ಇದ್ದ, ಅಂದೆ. ಹೆಸರು ಹೇಳಲಿಲ್ಲ.
ಹೇಳಿದರೆ ಟಿವಿಯ ಮುಖ ಬರುತ್ತದೆ,
ತಿರುವಿದ ಮೀಸೆ, ತಗಡಿನ ಕಿರೀಟ,
ಕತೆ ಅಲ್ಲಿಗೇ ಮುಗಿಯುತ್ತದೆ.
ಒಬ್ಬ ಇದ್ದ. ಹುಟ್ಟಿದ ಕೂಡಲೇ ಹೊಳೆಗೆ ಬಿಟ್ಟರು.
"ಯಾವ ಹೊಳೆ?"
ಈ ಕಡೆಯದಲ್ಲ, ಅಂದೆ.
ಆದರೂ ಮೂವರು ತಿರುಗಿ ತುಂಗೆಯಿದ್ದ ದಿಕ್ಕಿಗೆ ನೋಡಿದರು.

ಬೆಳೆದ, ಬಿಲ್ಲು ಕಲಿತ, ಕೇಳಿದ್ದೆಲ್ಲ ಕೊಟ್ಟ.
ಇಷ್ಟಕ್ಕೂ ಆಕಳಿಕೆ.
ಕೊನೆಗೆ, ಯುದ್ಧದ ನಡುವೆ,
ಅವನ ರಥದ ಗಾಲಿ ನೆಲದಲ್ಲಿ ಹೂತುಹೋಯಿತು.

ಆಗ ಎದ್ದು ಕೂತಿತು ತರಗತಿ.
"ಜಾಕ್ ಇರಲಿಲ್ವಾ?"
"ಲೋಡ್ ಎಷ್ಟಿತ್ತು?"
"ಗಾಲಿ ಅಡಿಗೆ ಕಲ್ಲು, ಸೊಪ್ಪು ತುರುಕಬೇಕಿತ್ತು ಮಿಸ್,
ಹುಲಿಕಲ್ ಘಾಟಿಲಿ ನಮ್ಮಪ್ಪ ಹಂಗೇ ಮಾಡೋದು."
ಸಫೂರಾ ಮಾತ್ರ ಕೈಯೆತ್ತಿ ಕಾದಳು.
"ಯಾರೂ ತಳ್ಳಲಿಲ್ವಾ?
ರಥ ಹೊಡೆಯೋನು ಇದ್ದನಲ್ಲ, ಅವನು?"
ಬೈದು, ಇಳಿದು ಹೋದ, ಅಂದೆ.
"ಗಾಡಿ ಹೂತಾಗ? ಬಿಟ್ಟು?"
ಹೂಂ.

ಲಾರಿಯವರ ಮಕ್ಕಳು. ಸುಮ್ಮನಾದರು.
ಹತ್ತೊಂಬತ್ತು ವರ್ಷದಿಂದ ಹೇಳುತ್ತಿದ್ದೇನೆ,
ಶಾಪ, ಧರ್ಮ, ದಾನ, ಎಲ್ಲಕ್ಕೂ ಟಿಪ್ಪಣಿ ಬರೆಸಿದ್ದೇನೆ.
ಅವನ ಜೊತೆ ಯಾರಿದ್ದರು ಎಂದು
ನಾನೂ ಕೇಳಿಕೊಂಡಿರಲಿಲ್ಲ.

ಊಟವಾದ ಮೇಲೆ ಮೈದಾನದಲ್ಲಿ ಆಟ ಕಟ್ಟಿದರು.
ಗ್ಯಾರೇಜಿನಿಂದ ಬೋಳು ಟೈರು ಬಂತು, ಐದರೊಳಗೆ ವಾಪಸು ಎಂಬ ಕರಾರಿನಲ್ಲಿ.
ಸಫೂರಾ ಅವನಾದಳು.
ಪೊರಕೆಕಡ್ಡಿಯ ಬಿಲ್ಲು ಹಿಡಿದು ತಿಪ್ಪೇಶ ಎದುರು ನಿಂತ.
ಕುದುರೆಗಳು ಜಾಸ್ತಿಯಾದವು, ಇಬ್ಬರು ಬಾವುಟವಾದರು.
ಜೂನಿನಿಂದ ಬಾಯಿ ಬಿಡದ ಮೈಲಾರಿ
ನನ್ನ ಸೆರಗಿನ ಹತ್ತಿರ ಬಂದು
"ನಾನು ಕೆಸರು" ಅಂದ.

ನಕ್ಕರು. ಅವನು ನಗಲಿಲ್ಲ.
ಮಕಾಡೆ ಮಲಗಿ
ಎರಡೂ ತೋಳಲ್ಲಿ ಟೈರನ್ನು ತಬ್ಬಿದ.

ಸಫೂರಾ ಎಳೆದಳು. ಬರಲಿಲ್ಲ.
ಕುದುರೆಗಳು ಕೈ ಹಾಕಿದವು. ಬರಲಿಲ್ಲ.
ಬಾವುಟಗಳು ಓಡಿ ಬಂದವು.
ಕೊನೆಗೆ ತಿಪ್ಪೇಶನೂ ಬಿಲ್ಲು ಬಿಸಾಡಿ
"ಐಸಾ!" ಎಂದು ಟೈರಿಗೆ ಹೆಗಲು ಕೊಟ್ಟ.
ನಾನು ತಡೆಯಲಿಲ್ಲ.
ಬದುಕಿಕೊಳ್ಳಲಿ, ಒಂದು ಸಲ,
ಶಿವಮೊಗ್ಗದಲ್ಲಾದರೂ.

ಮೈಲಾರಿ ಬಿಡಲಿಲ್ಲ.
ಅಂಗಿಯ ಗುಂಡಿ ಕಿತ್ತುಬಂದವು. ಬಿಡಲಿಲ್ಲ.
"ಬಿಡೋ! ಬಿಡೋ!" ಇಡೀ ಮೈದಾನ.
"ಬಿಟ್ಟುಬಿಡು ಮೈಲಾರಿ" ಅಂದೆ, ನಾನೂ.

ತಲೆಯೆತ್ತಿದ. ಹಲ್ಲಿನ ಮೇಲೆ ಕೆಮ್ಮಣ್ಣು,
ಕೆನ್ನೆಯಲ್ಲಿ ಎರಡು ಒದ್ದೆ ಗೆರೆ.
"ಹೆಂಗೆ ಬಿಡ್ಲಿ ಮಿಸ್?
ನೆಲ ಬಿಡಲಿಲ್ಲ ಅಂತ ನೀವೇ ಹೇಳಿದ್ದು.
ನಂಗೂ ಬಿಡಬೇಕು ಅನ್ನಿಸ್ತಿದೆ."

ಬೆಲ್ಲು ಹೊಡೆಯಿತು. ಯಾರೂ ಕದಲಲಿಲ್ಲ.
ಐದಕ್ಕೆ ಟೈರು ವಾಪಸು ಕೊಡಬೇಕು.
ಪಕ್ಕದಲ್ಲಿ ಕೂತು ಅವನ ಬೆರಳು ಬಿಡಿಸತೊಡಗಿದೆ,
ಒಂದು, ಮತ್ತೊಂದು,
ಮೊರದ ಮೇಲೆ ಅಮ್ಮನ ಕೈ
ತಡ ಮಾಡುತ್ತಿದ್ದ ಹಾಗೆ.